ಶಾಲೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಆರೋಗ್ಯ ತನಿಖೆ

ಆರೋಗ್ಯ ತನಿಖೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಒಂದು ದಿನದ ಸಡಗರ. ಶಾಲೆಯ ಅಂಗಳಕ್ಕೆ ನೀರು ಚಿಮುಕಿಸಿರುತ್ತದೆ. ಕುಡಿಯುವ ನೀರಿನ ಕೊಡಕ್ಕೆ ಎಂದೂ ಇಲ್ಲದ ಮುಚ್ಚಳ ಬಂದಿರುತ್ತದೆ. ಮಕ್ಕಳ ತಲೆಗೆ ಎಣ್ಣೆ ಬಿದ್ದಿರುತ್ತದೆ. ಅಧಿಕಾರಿಗಳು ಬಂದು, ನೋಡಿ, ರುಜು ಹಾಕಿ, ಚಹ ಸೇವಿಸಿ ಹೊರಟುಹೋದ ಮೇಲೆ ಮುಚ್ಚಳವು ತನ್ನ ಮೂಲಸ್ಥಾನಕ್ಕೆ ಹಿಂದಿರುಗುತ್ತದೆ. ಇಂಥದನ್ನು ಕಂಡವರು ತನಿಖೆಯೆಂಬುದೇ ಒಂದು ನಾಟಕವೆಂದು ತೀರ್ಮಾನಿಸಿದರೆ ಆಶ್ಚರ್ಯವೇನೂ ಇಲ್ಲ. ಆದರೂ ರಾಯಚೂರು ನಗರ, ಮಾನ್ವಿ, ದೇವದುರ್ಗ ಈ ಮೂರು ಊರುಗಳ ಸೀಮೆಯನ್ನೇ ಸಾಕ್ಷಿಯಾಗಿಟ್ಟುಕೊಂಡು, ಆ ತೀರ್ಮಾನವು ಪೂರ್ತಿಯಾಗಿ ಸರಿಯಲ್ಲವೆಂದು ತೋರಿಸಲು ಈ ಹೊತ್ತು ಪ್ರಯತ್ನಿಸುತ್ತೇನೆ.

ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆ ಉರ್ದುವಾಗಿದ್ದುದರಿಂದ ನಮ್ಮ ಕಡೆಯ ಹಿರಿಯರಿಗೆ ತನಿಖೆಯೆಂಬುದಕ್ಕೆ ‘ಮುಆಯನಾ’ ಎಂಬ ಮಾತು ಪರಿಚಿತವಾಗಿದ್ದಿತು. ಆ ಮಾತಿನ ಮೂಲದಲ್ಲಿರುವುದು ಅರಬ್ಬಿಯ ‘ಐನ್’, ಎಂದರೆ ಕಣ್ಣು. ಕಣ್ಣಾರೆ ಕಾಣುವುದೇ ಮುಆಯನಾ. ಕಾಗದವನ್ನು ನೋಡುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ ಎಂಬ ವಿವೇಕ ಆ ಶಬ್ದದೊಳಗೇ ಅಡಗಿದೆ. ಭಾಷೆಯನ್ನು ಪಾಠ ಹೇಳುವ ಉದ್ಯೋಗದವನಾದ ನನಗೆ ಇಂಥ ಸಣ್ಣ ಸಂಗತಿಗಳಲ್ಲಿ ತುಸು ಹೆಚ್ಚಿನ ಪ್ರೀತಿಯುಂಟು, ಶ್ರೋತೃಗಳು ಮನ್ನಿಸಬೇಕು.

ಈ ಪದ್ಧತಿಯು ಒಂದು ನಾಗರಿಕ ಕರ್ತವ್ಯವಾಗಿ ಬೆಳೆದುದನ್ನು ನೋಡಬೇಕಾದರೆ ಏಳನೆಯ ಎಡ್ವರ್ಡ್ ದೊರೆಯು ಆಳಿದ 1901ರಿಂದ 1910ರವರೆಗಿನ ಇಂಗ್ಲೆಂಡಿನ ಕಡೆಗೆ ಒಮ್ಮೆ ತಿರುಗಬೇಕಾಗುತ್ತದೆ. ಆಗ ಅಲ್ಲಿಯ ಪ್ರತಿಯೊಂದು ಪಟ್ಟಣದಲ್ಲಿಯೂ ಒಬ್ಬ ಆರೋಗ್ಯಾಧಿಕಾರಿಯಿದ್ದು, ವರ್ಷಕ್ಕೊಮ್ಮೆ ವರದಿಯನ್ನು ಅಚ್ಚು ಹಾಕಿಸುತ್ತಿದ್ದನು. 1901ರ ಕಾರ್ಖಾನೆ ಮತ್ತು ಕರ್ಮಶಾಲೆಗಳ ಕಾಯಿದೆಯು ಸಣ್ಣ ಕರ್ಮಶಾಲೆಗಳ ನೈರ್ಮಲ್ಯವನ್ನು ಸ್ಥಳೀಯ ಸಂಸ್ಥೆಗಳ ಹೊಣೆಗೆ ಬಿಟ್ಟಿತು. ಇದರಿಂದ ದರ್ಜಿಯ ಕೋಣೆ, ಟೋಪಿ ಹೊಲಿಯುವ ಮನೆ, ನೆಲಮಾಳಿಗೆಯ ರೊಟ್ಟಿ ಭಟ್ಟಿ ಇವೆಲ್ಲವೂ ಆರೋಗ್ಯಾಧಿಕಾರಿಯ ಕಣ್ಣಿಗೆ ಬಿದ್ದವು. ನೆಲದಡಿಯ ಭಟ್ಟಿಗಳನ್ನಂತೂ, ಸ್ಥಳೀಯ ಸಂಸ್ಥೆಯ ಯೋಗ್ಯತಾಪತ್ರವಿಲ್ಲದೆ 1904ರ ಆರಂಭದ ತರುವಾಯ ನಡೆಸಕೂಡದೆಂದು ವಿಧಿಸಲಾಯಿತು.

ಶಾಲೆಗಳ ಕಥೆ ಇನ್ನೂ ಸ್ವಾರಸ್ಯವಾದುದು. ಬೋಯರ್ ಯುದ್ಧಕ್ಕೆ ಸೈನಿಕರನ್ನು ಆರಿಸಹೋದಾಗ ಕೈಗಾರಿಕೆಯ ಪಟ್ಟಣಗಳಿಂದ ಬಂದ ತರುಣರಲ್ಲಿ ಬಹುಮಂದಿ ದೇಹದಾರ್ಢ್ಯದ ಪರೀಕ್ಷೆಯಲ್ಲಿಯೇ ತೇರ್ಗಡೆಯಾಗಲಿಲ್ಲ. ಸಾಮ್ರಾಜ್ಯಕ್ಕೆ ದಿಗಿಲು ಹುಟ್ಟಿತು. ಸಮಿತಿಯೊಂದು ಕುಳಿತು 1904ರಲ್ಲಿ ವರದಿ ಕೊಟ್ಟಿತು. ಆಗ ತಿಳಿದುಬಂದುದೇನೆಂದರೆ, ಬಡವರ ಮಕ್ಕಳು ಹಸಿದ ಹೊಟ್ಟೆಯಲ್ಲಿ, ಹುಳುಕು ಹಲ್ಲಿನಲ್ಲಿ, ಕಾಣದ ಕಣ್ಣಿನಲ್ಲಿ ಶಾಲೆಯ ಹಲಗೆಯ ಮುಂದೆ ಕುಳಿತು ದಡ್ಡರೆನಿಸಿಕೊಳ್ಳುತ್ತಿದ್ದರೆಂಬುದು. 1906ರ ಕಾಯಿದೆಯು ಶಾಲೆಯಲ್ಲಿ ಊಟ ಕೊಡುವುದಕ್ಕೆ ಅವಕಾಶ ಮಾಡಿತು. 1907ರ ಕಾಯಿದೆಯು ಮಕ್ಕಳ ವೈದ್ಯಕೀಯ ತನಿಖೆಯನ್ನು ಕಡ್ಡಾಯಗೊಳಿಸಿತು. ಈ ಎರಡನೆಯದರ ಹೆಸರನ್ನು ನೋಡಿದರೆ ಯಾರಿಗೂ ಅನುಮಾನ ಬರಲಾರದು. ಅದು ಬರಿಯ ‘ಆಡಳಿತ ಏರ್ಪಾಡುಗಳ’ ಶಿಕ್ಷಣ ಕಾಯಿದೆ. ದೊಡ್ಡ ಮಾತು ಒಂದು ಸಣ್ಣ ಕಲಮಿನೊಳಗೆ ಸದ್ದಿಲ್ಲದೆ ಸೇರಿಕೊಂಡಿತು. ಇದಕ್ಕೆ ಮುಂಚೆಯೇ, 1893ರಲ್ಲಿಯೇ, ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಡಾಕ್ಟರ್ ಜೇಮ್ಸ್ ಕೆರ್ ಎಂಬವರು ಶಾಲಾವೈದ್ಯರಾಗಿದ್ದರು. ಮಾರ್ಗರೆಟ್ ಮ್ಯಾಕ್‌ಮಿಲನ್ ಎಂಬ ಮಹಿಳೆ ಅದೇ ಊರಿನಲ್ಲಿ ಮಕ್ಕಳ ಮೈತೊಳೆಯುವುದಕ್ಕೂ ಊಟಕ್ಕೂ ಹೋರಾಡಿದ್ದರು.

ಕಾಯಿದೆಯೇನೋ ಬಂದಿತು. ವೈದ್ಯರು ನೋಡಿದರು, ಬರೆದುಕೊಂಡರು. ಮರುವರ್ಷ ಅದೇ ಮಗುವಿನ ಅದೇ ಹಲ್ಲು ಇನ್ನಷ್ಟು ಹುಳುಕಾಗಿರುತ್ತಿತ್ತು. ಏಕೆಂದರೆ ತನಿಖೆ ಕಡ್ಡಾಯವಾಗಿತ್ತೇ ಹೊರತು ಚಿಕಿತ್ಸೆ ಕಡ್ಡಾಯವಾಗಿರಲಿಲ್ಲ. 1908ರಲ್ಲಿ ಶಾಲಾ ಚಿಕಿತ್ಸಾಲಯಗಳು ಅಲ್ಲಲ್ಲಿ ತೆರೆದ ಮೇಲೆಯೇ ನೋಡಿದುದಕ್ಕೂ ಗುಣಪಡಿಸಿದುದಕ್ಕೂ ಸಂಬಂಧ ಕೂಡತೊಡಗಿತು. ಈ ಅಂಶವನ್ನು ಶ್ರೋತೃಗಳು ಜ್ಞಾಪಕದಲ್ಲಿಡಬೇಕೆಂದು ಕೋರುತ್ತೇನೆ. ನಮ್ಮ ಕಡೆಗೆ ಬಂದಾಗ ಇದು ಮತ್ತೆ ಎದುರಾಗುತ್ತದೆ.

ಈಗ ರಾಯಚೂರಿಗೆ ಬರೋಣ. 1871ರಲ್ಲಿ ಮುಂಬಯಿಯಿಂದ ಬಂದ ರೈಲು ಹಾದಿಯೂ ಮದರಾಸಿನಿಂದ ಬಂದ ಹಾದಿಯೂ ಈ ಊರಿನಲ್ಲಿ ಕೂಡಿಕೊಂಡವು. ಕೃಷ್ಣಾ ತುಂಗಭದ್ರೆಗಳ ನಡುವಣ ಕರಿಯ ಎರೆಭೂಮಿಯ ಹತ್ತಿಗೆ ಬಂದರಿನ ದಾರಿ ತೆರೆಯಿತು. ಹತ್ತಿಯನ್ನು ಬೀಜದಿಂದ ಬಿಡಿಸಿ ಅರಳೆ ಮಾಡುವ ಜಿನ್ನುಗಳೂ, ಅರಳೆಯನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸುಗಳೂ ಹುಟ್ಟಿಕೊಂಡವು. ಇವು ನಮ್ಮ ಸೀಮೆಯ ಮೊದಲ ಕಾರ್ಖಾನೆಗಳು. ಬ್ರಿಟಿಷ್ ಇಂಡಿಯದ ಕಾಯಿದೆಗಳು ನಿಜಾಮರ ಸೀಮೆಯಲ್ಲಿ ತಾವಾಗಿ ನಡೆಯುತ್ತಿರಲಿಲ್ಲವಾದರೂ, ದೇಶದ ಕಾರ್ಖಾನೆ ಶಾಸನವು ಯಾವ ದಿಕ್ಕಿಗೆ ಸಾಗಿತೆಂಬುದನ್ನು ತಿಳಿಯದೆ ಜಿನ್ನುಗಳ ಸ್ಥಿತಿಯನ್ನು ಅರಿಯಲಾಗದು.

1881ರ ಮೊದಲನೆಯ ಕಾಯಿದೆಯು ನೂರು ಮಂದಿ ದುಡಿಯುವ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಏಳು ವರ್ಷ ತುಂಬದ ಮಗುವನ್ನು ದುಡಿಸಕೂಡದೆಂಬುದು ಅದರ ಔದಾರ್ಯ! 1891ರಲ್ಲಿ ಆ ವಯಸ್ಸು ಒಂಬತ್ತಾಯಿತು. ಜನನದ ದಾಖಲೆಯಿಲ್ಲದ ನಾಡಿನಲ್ಲಿ ವಯಸ್ಸನ್ನು ತಿಳಿಯುವ ಬಗೆ ಹೇಗೆ? ವೈದ್ಯನು ಮಗುವಿನ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದನು. ಸಂತೆಯಲ್ಲಿ ನಾವು ಎತ್ತನ್ನು ಕೊಳ್ಳುವಾಗ ಮಾಡುವುದೂ ಇದನ್ನೇ. ಅಷ್ಟೇ ಅಲ್ಲದೆ, ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ನಡೆಯದ ಕಾರ್ಖಾನೆಗಳಿಗೆ ವಿನಾಯಿತಿಯಿದ್ದಿತು. ಸುಗ್ಗಿಯಲ್ಲಿ ಮಾತ್ರ ನಡೆಯುವ ಜಿನ್ನುಗಳಿಗೆ ಇದಕ್ಕಿಂತ ಅನುಕೂಲವಾದ ಮಾತು ಇನ್ನಾವುದು? ಹಗಲು ರಾತ್ರಿಯೆನ್ನದೆ ಅತಿಶಯವಾಗಿ ದುಡಿಸುವುದು ನಡೆಯುತ್ತಿದ್ದುದೇ ಆ ಸುಗ್ಗಿಯಲ್ಲಿ. ತನಿಖೆ ಮಾಡತಕ್ಕವರಾದರೂ ಅನೇಕ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟರೇ. ಕಂದಾಯ, ಪೊಲೀಸು, ಕ್ಷಾಮ ಎಲ್ಲವನ್ನೂ ಹೊತ್ತವರು ಯಂತ್ರದ ಪಟ್ಟಿಗೆ ಕಾಪುಗಟ್ಟಿದೆಯೇ ಎಂದು ನೋಡುವುದು ಎಂದಿಗೆ? 1907–08ರಲ್ಲಿ ಕುಳಿತ ಕಾರ್ಖಾನೆ ಕಾರ್ಮಿಕರ ಆಯೋಗದಲ್ಲಿ ಬಹುಮತದವರು ವಯಸ್ಕ ಗಂಡಸರ ದುಡಿಮೆಯ ಹೊತ್ತಿಗೆ ಕಾಯಿದೆಯಿಂದ ನೇರವಾದ ಮಿತಿ ಹಾಕಲು ಒಪ್ಪದಿದ್ದಾಗ, ಮದರಾಸಿನ ಡಾಕ್ಟರ್ ಟಿ. ಎಂ. ನಾಯರ್ ಒಬ್ಬರೇ ಭಿನ್ನಾಭಿಪ್ರಾಯ ಬರೆದರು. ಅವರು ವೈದ್ಯರಾಗಿದ್ದುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ. 1911ರ ಕಾಯಿದೆಯಲ್ಲಿ ಬಟ್ಟೆಯ ಗಿರಣಿಗಳ ಗಂಡಸರಿಗೆ ಹನ್ನೆರಡು ಗಂಟೆಯ ಮಿತಿ ಬಂದಿತು. ಸುಗ್ಗಿಯ ಕಾರ್ಖಾನೆಗಳೂ ಕಾಯಿದೆಯ ಹಿಡಿತಕ್ಕೆ ಒಳಗಾದವು.

ಜಿನ್ನನ್ನು ಒಳಹೊಕ್ಕು ನೋಡದವರಿಗೆ ಈ ಮಾತುಗಳು ಬರಿಯ ಅಂಕಿಗಳಾಗಿ ಕೇಳಿಸಬಹುದು. ಸಾಲಾಗಿ ನಿಂತ ಯಂತ್ರಗಳು. ಒಂದೊಂದರಲ್ಲಿಯೂ ತೊಗಲಿನ ಉರುಳೆ ತಿರುಗುತ್ತ ಹತ್ತಿಯ ಎಳೆಯನ್ನು ಕಚ್ಚಿ ಎಳೆಯುತ್ತದೆ. ಅಲುಗು ಬೀಜವನ್ನು ತಡೆದು ಕೆಳಕ್ಕೆ ಬೀಳಿಸುತ್ತದೆ. ಮುಂದೆ ನಿಂತ ಹೆಂಗಸು ತೋಳ್ತುಂಬ ಹತ್ತಿಯನ್ನು ಒಡ್ಡುತ್ತಿರುತ್ತಾಳೆ. ಗಾಳಿಯಲ್ಲಿ ತೇಲುವ ನವಿರು ಧೂಳು ಹುಬ್ಬಿನ ಮೇಲೆ, ತುಟಿಯ ಮೇಲೆ, ಮಡಿಲ ಕೂಸಿನ ಮೇಲೆ ಕುಳಿತುಕೊಳ್ಳುತ್ತದೆ. ಹಳೆಯ ಜಿನ್ನುಗಳಲ್ಲಿ ಯಂತ್ರಗಳನ್ನೆಲ್ಲ ತಿರುಗಿಸುವ ಉದ್ದನೆಯ ಉಕ್ಕಿನ ದಂಡವೊಂದು ಓಡುತ್ತಿತ್ತು. ಸೀರೆಯ ಸೆರಗಾಗಲಿ ಬಿಚ್ಚಿದ ಜಡೆಯಾಗಲಿ ಅದಕ್ಕೆ ಸಿಕ್ಕಿದರೆ ಕೂಗುವಷ್ಟೂ ಅವಕಾಶವಿರಲಿಲ್ಲ. 1948ರ ಕಾರ್ಖಾನೆ ಕಾಯಿದೆಯ 27ನೆಯ ಕಲಮು ಈ ಪ್ರಪಂಚದಿಂದಲೇ ಎದ್ದು ಬಂದುದು: ಹತ್ತಿ ಒತ್ತುವ ಕಾರ್ಖಾನೆಯಲ್ಲಿ ಹತ್ತಿಯನ್ನು ಬಿಡಿಸುವ ‘ಓಪನರ್’ ಯಂತ್ರ ನಡೆಯುತ್ತಿರುವ ಭಾಗದಲ್ಲಿ ಹೆಂಗಸರನ್ನಾಗಲಿ ಮಕ್ಕಳನ್ನಾಗಲಿ ದುಡಿಸಕೂಡದು ಎಂದು ಅದು ವಿಧಿಸಿತು. ಒಣ ಶಾಸನದ ಒಂದು ವಾಕ್ಯದ ಹಿಂದೆ ಎಷ್ಟು ಕೈಗಳು ಹೋಗಿವೆಯೋ ಊಹಿಸಿಕೊಳ್ಳಬಹುದು.

ಅಪಘಾತವಾದರೆ ಕಣ್ಣಿಗೆ ಕಾಣುತ್ತದೆ. ಧೂಳು ಮಾಡುವ ಕೇಡು ಕಾಣುವುದಿಲ್ಲ. ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡುವವರಿಗೆ ಬರುವ ಎದೆಬೇನೆಗೆ ವೈದ್ಯರು ‘ಬಿಸಿನೋಸಿಸ್’ ಎನ್ನುತ್ತಾರೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲನೆಯ ದಿನ ಎದೆ ಬಿಗಿಯುವುದು ಇದರ ವಿಚಿತ್ರ ಲಕ್ಷಣ. ಮರುದಿನ ತುಸು ಸಡಿಲವಾದಂತೆ ತೋರುತ್ತದೆ. ಬರಬರುತ್ತ ಆ ಬಿಗಿತ ವಾರವೆಲ್ಲ ನಿಲ್ಲುತ್ತದೆ. ಕಾಯಿದೆಯಲ್ಲಿ ಇದನ್ನು ಸರಕಾರಕ್ಕೆ ವರದಿ ಮಾಡತಕ್ಕ ರೋಗಗಳ ಪಟ್ಟಿಗೆ ಸೇರಿಸಲಾಗಿತ್ತು. ಆದರೆ ನಮ್ಮ ಜಿನ್ನಿನ ಹೆಂಗಸು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಅಲ್ಲಿರುವವಳು. ಆಮೇಲೆ ಮೆಣಸಿನಕಾಯಿ ಬಿಡಿಸುವ ಕೂಲಿಗೋ ಗುಳೆಗೋ ಹೋಗುವವಳು. ಕೆಮ್ಮು ಯಾವ ಕೆಲಸದ್ದೆಂದು ಹೇಳುವವರಾರು? ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯಾದರೂ ವರ್ಷಪೂರ್ತಿ ಇದ್ದರೆ ತಾನೆ ರೋಗಕ್ಕೆ ಒಂದು ಚರಿತ್ರೆ ದೊರೆಯುವುದು!

ಇಲ್ಲಿ ಒಂದು ಸಂಖ್ಯೆಯ ಪ್ರಯಾಣವನ್ನು ಗಮನಿಸಬೇಕು. ಎಷ್ಟು ಮಂದಿ ದುಡಿದರೆ ಯಂತ್ರಶಕ್ತಿಯ ಒಂದು ಸ್ಥಳವು ಕಾರ್ಖಾನೆಯೆನಿಸುತ್ತದೆ? 1881ರಲ್ಲಿ 100, 1891ರಲ್ಲಿ 50, 1922ರಲ್ಲಿ 20, 1948ರಲ್ಲಿ 10. ಅರವತ್ತೇಳು ವರ್ಷಗಳ ಕಾಲ ಸಂಖ್ಯೆ ಇಳಿಯುತ್ತಲೇ ಬಂದಿತು. ಎಂದರೆ ತನಿಖೆಯ ಕಣ್ಣು ಸಣ್ಣ ಸ್ಥಳಗಳನ್ನೂ ತಲುಪುತ್ತ ಬಂದಿತು. 2020ರಲ್ಲಿ ಸಂಸತ್ತು ಅಂಗೀಕರಿಸಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಆ ಸಂಖ್ಯೆ ಮತ್ತೆ 20ಕ್ಕೆ ಏರಿದೆ. ಕಾರ್ಖಾನೆಯೆಂಬ ಹೆಸರಿನ ಮಟ್ಟಿಗೆ ನಾವು 1922ರ ಗೆರೆಗೆ ಮರಳಿದ್ದೇವೆ. ಸಂಹಿತೆಯ ಇತರ ಏರ್ಪಾಡುಗಳು ಹತ್ತು ಮಂದಿಯ ಸಂಸ್ಥೆಗೂ ಅನ್ವಯಿಸುತ್ತವೆ ಎಂಬ ಸಮಾಧಾನವುಂಟು. ಆದರೂ ರಾಯಚೂರಿನ ಜಿನ್ನು, ಕಾಲುವೆಯ ನೀರು ಬಂದ ಮೇಲೆ ಮಾನ್ವಿಯ ಸುತ್ತ ಎದ್ದ ಅಕ್ಕಿಗಿರಣಿ, ಇಂಥವು ಎಷ್ಟೋ ಕಡೆ ಹನ್ನೆರಡು ಹದಿನೈದು ಆಳುಗಳಿಂದ ನಡೆಯತಕ್ಕವು. ದೊಡ್ಡ ಗೆರೆಯನ್ನೆಳೆದರೆ ಹೊರಗುಳಿಯುವವು ಇವೇ. ಹೊಸ ಸಂಹಿತೆಯಲ್ಲಿ ಇನ್‌ಸ್ಪೆಕ್ಟರರ ಹೆಸರು ಕೂಡ ಬದಲಾಗಿ ‘ಅನುಕೂಲಕಾರ’ ಎಂಬುದೊಂದು ಬಾಲ ಸೇರಿದೆ. ಸಲಹೆ ಕೊಡುವುದು ಒಳ್ಳೆಯದೇ. ಬ್ರಿಟನ್ನಿನ ಹಳೆಯ ಇನ್‌ಸ್ಪೆಕ್ಟರರೂ ಸಲಹೆ ಕೊಡುತ್ತಿದ್ದರು. ಆದರೆ ಇಂಡಿಯ ದೇಶವು 1949ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 81ನೆಯ ಒಡಂಬಡಿಕೆಯು, ತನಿಖಾಧಿಕಾರಿಯು ಮುಂಚಿತವಾಗಿ ತಿಳಿಸದೆ ಹಗಲಾಗಲಿ ರಾತ್ರಿಯಾಗಲಿ ಒಳಹೋಗಲು ಸ್ವತಂತ್ರನಾಗಿರಬೇಕೆಂದು ಹೇಳುತ್ತದೆ. ತಿಳಿಸಿ ಬರುವವನು ಅತಿಥಿ. ಅತಿಥಿಗೆ ಕಾಣುವುದು ಹಬ್ಬದ ಮನೆ.

ಇನ್ನು ಶಾಲೆಗಳ ಮಾತು. ನಮ್ಮ ದೇಶದಲ್ಲಿ ಶಾಲಾಮಕ್ಕಳ ವೈದ್ಯಕೀಯ ಪರೀಕ್ಷೆಯು 1909ರಲ್ಲಿ ಮೊದಲಾದುದು ಬರೋಡೆಯಲ್ಲಿ. ಬ್ರಿಟಿಷರ ಪ್ರಾಂತವೊಂದರಲ್ಲಿ ಅಲ್ಲ, ದೇಶೀಯ ಸಂಸ್ಥಾನದಲ್ಲಿ ಎಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಆ ಬೀಜ ಬೇಗ ಹಬ್ಬಲಿಲ್ಲ. 1946ರ ಭೋರ್ ಸಮಿತಿಯು ಶಾಲಾ ಆರೋಗ್ಯ ಸೇವೆ ದೇಶದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲವೆಂದು ಹೇಳಬೇಕಾಯಿತು. 1960ರಲ್ಲಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಕುಳಿತಿತು. ರಾಯಚೂರಿನಲ್ಲಿ ವೈದ್ಯಕ್ಕೂ ವಿದ್ಯೆಗೂ ಗಂಟು ಹಾಕಿದವರೆಂದರೆ ಪಂಡಿತ ತಾರಾನಾಥರು. ಹಮ್ದರ್ದ್ ಶಾಲೆಯನ್ನು ಕಟ್ಟಿದ ಅವರು ಸ್ವತಃ ವೈದ್ಯರಾಗಿದ್ದರು. ತುಂಗಭದ್ರೆಯ ದಡದ ಅವರ ಪ್ರೇಮಾಯತನವೂ ಆ ಮನೋಧರ್ಮದ್ದೇ.

ಕಾಲಾನುಕ್ರಮದಲ್ಲಿ ಒಂದು ಚೋದ್ಯವಿದೆ. ಇಂಗ್ಲೆಂಡಿನಲ್ಲಿ ಊಟ 1906, ತನಿಖೆ 1907. ನಮ್ಮಲ್ಲಿ ಬಿಸಿಯೂಟದ ಅಕ್ಷರ ದಾಸೋಹವು 2002ರಲ್ಲಿ ರಾಯಚೂರೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಮೊದಲಾಯಿತು; ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬ ತನಿಖೆಯ ಯೋಜನೆ 2013ರಲ್ಲಿ ಬಂದಿತು. ಅಲ್ಲಿಯೂ ಇಲ್ಲಿಯೂ ತಟ್ಟೆಯು ಮೊದಲು, ಸ್ಟೆತಾಸ್ಕೋಪು ಆಮೇಲೆ. ಅನುಕ್ರಮ ಸರಿಯಾಗಿಯೇ ಇದೆಯೆನ್ನಬೇಕು. ಹಸಿದವನ ಹಲ್ಲು ಎಣಿಸಿ ಏನು ಫಲ? ಈ ಯೋಜನೆಯಂತೆ ವೈದ್ಯರಿಬ್ಬರು, ದಾದಿ, ಔಷಧಿ ಸಹಾಯಕರು ಇರುವ ತಂಡವೊಂದು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರಕಾರಿ ಶಾಲೆಗೆ ಒಂದು ಬಾರಿ ಬರತಕ್ಕದ್ದು.

ತನಿಖೆಯಿಂದ ಏನಾದೀತು ಎಂದು ಕೇಳುವವರಿಗೆ ನಾನು ನಾರು ಹುಣ್ಣಿನ ಕಥೆಯನ್ನು ಹೇಳುತ್ತೇನೆ. ಇಂದಿನ ಕಾಲೇಜಿನ ಹುಡುಗರು ಈ ಹೆಸರನ್ನೇ ಕೇಳಿಲ್ಲ. ಅವರ ಅಜ್ಜಂದಿರ ಕಾಲಿನಲ್ಲಿ ಇದರ ಗುರುತು ಇದ್ದೀತು. ನಮ್ಮ ಸೀಮೆಯ ಮೆಟ್ಟಿಲ ಬಾವಿಗಳಲ್ಲಿ ಜನರು ನೀರಿಗೆ ಕಾಲಿಟ್ಟು ಕೊಡ ತುಂಬುತ್ತಿದ್ದರು. ರೋಗಿಯ ಕಾಲಿನ ಬೊಬ್ಬೆಯಿಂದ ಹೆಣ್ಣು ಹುಳುವು ನೀರು ಸೋಕಿದೊಡನೆ ಸಾವಿರಾರು ಮರಿಗಳನ್ನು ಚೆಲ್ಲುವುದು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಂತು ಆ ಮರಿಗಳನ್ನು ನುಂಗುವುದು. ಆ ನೀರನ್ನು ಸೋಸದೆ ಕುಡಿದವರ ಮೈಯೊಳಗೆ ಹುಳುವು ವರ್ಷವಿಡೀ ಬೆಳೆದು, ಎರಡು ಮೂರು ಅಡಿ ಉದ್ದವಾಗಿ, ಮತ್ತೆ ಕಾಲನ್ನು ಒಡೆದು ಹೊರಡುವುದು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯಬೇಕು. ಹರಿದರೆ ಕಾಲು ಬಾತು ಕೀವಾಗುವುದು. ಬಿತ್ತನೆಯ ಹೊತ್ತಿಗೆ ಒಕ್ಕಲಿಗನು ಹಾಸಿಗೆ ಹಿಡಿಯುತ್ತಿದ್ದನು, ಹುಡುಗನು ಶಾಲೆ ಬಿಡುತ್ತಿದ್ದನು. ಇದಕ್ಕೆ ಔಷಧವಿರಲಿಲ್ಲ, ಇಂದಿಗೂ ಇಲ್ಲ. ಲಸಿಕೆಯೂ ಇಲ್ಲ.

ಹಾಗಾದರೆ ಇದು ಹೋದುದು ಹೇಗೆ? ನೋಡುವುದರಿಂದ ಹೋಯಿತು. 1983–84ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಮೊದಲಾದಾಗ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಆರೋಗ್ಯದ ಕಾರ್ಯಕರ್ತರು ವರ್ಷದಲ್ಲಿ ಗೊತ್ತಾದ ಅವಧಿಗಳಲ್ಲಿ ಮನೆಮನೆಗೂ ಹೋಗಿ ಕಾಲು ನೋಡಿದರು. ಶಾಲೆಯಲ್ಲಿ ಮಕ್ಕಳನ್ನು ಕೇಳಿದರು. ಊರಿನ ಗುಟ್ಟು ಮಕ್ಕಳಿಗೆ ತಿಳಿದಷ್ಟು ಪಟೇಲರಿಗೆ ತಿಳಿದಿರುವುದಿಲ್ಲ. ರೋಗಿ ಸಿಕ್ಕಿದ ಊರಿನ ಬಾವಿಯನ್ನು ಗುರುತಿಸಿ, ಟೆಮೆಫಾಸ್ ಹಾಕಿ, ಮೆಟ್ಟಿಲು ಮುಚ್ಚಿ ಸೇದುವ ಬಾವಿಯಾಗಿ ಮಾಡಿ, ಕೈಪಂಪು ಹಾಕಿಸಿ, ನೀರು ಸೋಸುವುದಕ್ಕೆ ಬಟ್ಟೆ ಕೊಟ್ಟರು. ಕೊನೆಕೊನೆಗೆ, ರೋಗಿಯನ್ನು ತೋರಿಸಿದವರಿಗೆ ಬಹುಮಾನವಿದ್ದಿತು. 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುದೇ ದೇಶದ ಕಡೆಯ ಪ್ರಸಂಗ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂಡಿಯವು ಮುಕ್ತವಾಯಿತೆಂದು ಸಾರಿತು. ಔಷಧವಿಲ್ಲದ ಒಂದು ರೋಗವನ್ನು ಕಣ್ಣು, ಕಾಲ್ನಡಿಗೆ, ಲೆಕ್ಕದ ಪುಸ್ತಕ ಈ ಮೂರರಿಂದ ಗೆದ್ದುದನ್ನು ನಮ್ಮ ಪಠ್ಯಪುಸ್ತಕಗಳು ಪಾಣಿಪತ್ತಿನ ಕದನಕ್ಕೆ ಕೊಡುವ ಸ್ಥಳದಲ್ಲಿ ಕಾಲುಭಾಗವನ್ನಾದರೂ ಕೊಟ್ಟು ಹೇಳಬಹುದಾಗಿತ್ತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ತೆರೆದ ನೀರನ್ನು ಬಿಟ್ಟು ಆಳದ ಕೊಳವೆ ಬಾವಿಗೆ ಹೋದ ಊರುಗಳಲ್ಲಿ ನೀರಿನ ಜೊತೆಗೆ ಕಲ್ಲಿನೊಳಗಣ ಫ್ಲೋರೈಡೂ ಮೇಲಕ್ಕೆ ಬಂದಿತು. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಅದು ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳಾಗಿ ಕಾಣಿಸಿಕೊಳ್ಳುತ್ತದೆ. ಹೆಚ್ಚಿದರೆ ಎಲುಬನ್ನು ಹಿಡಿಯುತ್ತದೆ. ಹಲ್ಲಿನ ಕವಚವು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿಯೇ ಈ ಕೇಡು ಆಗುವುದರಿಂದ, ಆರನೆಯ ತರಗತಿಯ ಮಗುವಿನ ಮುಂಹಲ್ಲು ಆ ಊರಿನ ನೀರು ಕೆಲವು ವರ್ಷಗಳ ಹಿಂದೆ ಹೇಗಿದ್ದಿತೆಂಬುದಕ್ಕೆ ಶಾಸನದಂತಿರುತ್ತದೆ. ರಾಯಚೂರು ಕೋಟೆಯ ಗೋಡೆಯಲ್ಲಿರುವ 1294ರ ಶಾಸನವನ್ನು ಓದಲು ಪಂಡಿತರು ಬೇಕು. ಈ ಶಾಸನವನ್ನು ಓದಲು ಮಗುವನ್ನು ನಗಿಸಿದರೆ ಸಾಕು. ಓದಿದ ಮೇಲೆ ಆ ಸಂಗತಿ ನೀರು ಸರಬರಾಜಿನವರ ಮೇಜಿಗೆ ಹೋಗುತ್ತದೆಯೇ, ಅಥವಾ ಮಗುವಿನ ಚೀಟಿಯಲ್ಲಿಯೇ ಉಳಿಯುತ್ತದೆಯೇ? 2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿಯೇ ನಳದ ಮಲಿನವಾದ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿ, ಕೆಲವರು ಮೃತರಾದರು. ಮನೆಯಲ್ಲಿ ನೀರು ಶುದ್ಧಮಾಡುವ ಯಂತ್ರವಿಟ್ಟುಕೊಂಡಿರುವ ನಮ್ಮಂಥ ವಿದ್ಯಾವಂತರು ಆ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿದೆವು.

ತನಿಖೆಯ ದಿನ ಶಾಲೆಯಲ್ಲಿಲ್ಲದ ಮಗುವಿನ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದುದು. ದೇವದುರ್ಗದ ಕಡೆಯಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋದ ಕುಟುಂಬದ ಮಗು ದೇವದುರ್ಗದ ಶಾಲೆಯ ಹಾಜರಿಯಲ್ಲಿಯೂ ಇರುವುದಿಲ್ಲ, ಬೆಂಗಳೂರಿನ ಶಾಲೆಯಲ್ಲಿಯೂ ಇರುವುದಿಲ್ಲ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಊರಿನಲ್ಲಿಯೇ ಇದ್ದರೂ ಹೊಲದಲ್ಲಿರುವ ಮಕ್ಕಳುಂಟು. ಪರೀಕ್ಷೆಯಾದ ಮಕ್ಕಳ ಸಂಖ್ಯೆಯನ್ನು ಎಲ್ಲ ವರದಿಗಳೂ ದಪ್ಪಕ್ಷರದಲ್ಲಿ ಹಾಕುತ್ತವೆ. ನಾರು ಹುಣ್ಣಿನ ಕಾರ್ಯಕರ್ತರು ಮಾತ್ರ, ಮನೆಯಲ್ಲಿ ಇಲ್ಲದವನು ಎಲ್ಲಿಗೆ ಹೋಗಿದ್ದಾನೆಂದು ಕೇಳಿ ಬರೆದುಕೊಂಡು, ಆ ಊರಿನವರಿಗೆ ತಿಳಿಸಬೇಕಾಗಿತ್ತು. ಏಕೆಂದರೆ ಒಬ್ಬ ತಪ್ಪಿದರೆ ಒಂದು ಬಾವಿ ಕೆಡುತ್ತಿತ್ತು.

ಇನ್ನು ಚಿಕಿತ್ಸೆ. ಶಾಲೆಗೆ ಬಂದ ತಂಡದವರು ಹೃದಯದ ದೋಷವನ್ನೋ ಕಿವಿಯ ದೋಷವನ್ನೋ ಕಂಡರೆ ಚೀಟಿ ಬರೆದು ಮೇಲಿನ ಆಸ್ಪತ್ರೆಗೆ ಕಳುಹಿಸುತ್ತಾರೆ. ದೇವದುರ್ಗದಿಂದ ರಾಯಚೂರಿಗೆ ಸುಮಾರು ಐವತ್ತು ಕಿಲೋಮೀಟರು. ಆ ದಿನದ ಕೂಲಿ ಹೋಗುತ್ತದೆ. ಬಸ್ಸಿನ ಖರ್ಚಿಲ್ಲದಿದ್ದರೂ ಊಟದ ಖರ್ಚಿದೆ. ಆಸ್ಪತ್ರೆಯಲ್ಲಿ ಯಾವ ಕೋಣೆಗೆ ಹೋಗಬೇಕೆಂದು ತಿಳಿಯದೆ ತಾಯಿ ಮಧ್ಯಾಹ್ನದವರೆಗೆ ನಿಂತು, ನಾಳೆ ಬಾ ಎನ್ನಿಸಿಕೊಂಡು ಹಿಂದಿರುಗುವುದೂ ಉಂಟು. ಚೀಟಿಯು ಗೋಡೆಯ ಗೂಡಿನಲ್ಲಿ ಪಡಿತರದ ಕಾಗದದ ಜೊತೆ ಉಳಿಯುತ್ತದೆ. 1908ರ ಇಂಗ್ಲೆಂಡಿನ ಹುಳುಕು ಹಲ್ಲನ್ನು ಜ್ಞಾಪಿಸಿಕೊಳ್ಳಬೇಕೆಂದು ಕೋರಿದುದು ಇದಕ್ಕಾಗಿಯೇ. ಪ್ರತಿ ಶಾಲೆಯಲ್ಲಿಯೂ ಪೋಷಕರಿಂದ ಕೂಡಿದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಆ ಸಮಿತಿಯು ಸಭೆ ಸೇರಿದಾಗ ಕೇಳಬೇಕಾದ ಪ್ರಶ್ನೆ, ಎಷ್ಟು ಮಕ್ಕಳನ್ನು ಪರೀಕ್ಷಿಸಿದರು ಎಂಬುದಲ್ಲ. ಕಳೆದ ವರ್ಷ ಚೀಟಿ ಪಡೆದ ಮಕ್ಕಳು ಯಾರು ಯಾರು, ಅವರಲ್ಲಿ ರಾಯಚೂರಿಗೆ ಹೋಗಿ ಬಂದವರು ಎಷ್ಟು ಮಂದಿ, ಹೋಗದವರ ಮನೆ ಯಾವ ಓಣಿಯಲ್ಲಿದೆ ಎಂದು ಕೇಳಬೇಕು. ಹೆಸರುಗಳನ್ನು ಗೋಡೆಗೆ ಹಚ್ಚುವುದು ಬೇಡ, ಮಕ್ಕಳಿಗೆ ಅವಮಾನವಾಗುತ್ತದೆ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಒಂದು ಪುಸ್ತಕ, ಅದರಲ್ಲಿ ಕೊನೆಯ ಮನೆ ತುಂಬುವವರೆಗೆ ತೆರೆದಿಟ್ಟ ಒಂದು ಪುಟ, ಮತ್ತು ಆ ತಾಯಿಯ ಜೊತೆಯಲ್ಲಿ ಬಸ್ಸು ಹತ್ತಲು ಒಬ್ಬ ಆಶಾ ಕಾರ್ಯಕರ್ತೆ ಇದ್ದರೆ ಅಷ್ಟರಮಟ್ಟಿಗೆ ಕೆಲಸ ಸಾಗುತ್ತದೆ.